ನಿಶಾನೆ ಡಿ-೪

ಮಂಡ್ಯದ ಕೋರ್ಟಿನಲ್ಲಿ ಫ್ಯಾನು ತಿರುಗುತ್ತಿತ್ತು,
ಗಾಳಿಯೆಲ್ಲ ಜಡ್ಜಮ್ಮನ ಕಡೆಗೇ.
"ಈ ಬರವಣಿಗೆ ನಿಮ್ದೇ ಅಲ್ವೇನಮ್ಮ?"
ಎದುರು ಕಡೆಯ ವಕೀಲರು
ನೀಲಿ ರಟ್ಟಿನ ಪುಸ್ತಕ ಚಾಚಿದರು.
ಪುಟದ ತುಂಬ ಬೆಲ್ಲ, ಬೆಲ್ಲ, ಬೆಲ್ಲ.
ಆ ಲಾವತ್ತು ನನ್ನದೇ,
ಬಾಲ ಉದ್ದ ಎಳೆದು
ಮೂರನೇ ಕ್ಲಾಸಿನಲ್ಲಿ ಏಟು ತಿಂದದ್ದು.

ಹದಿನಾಲ್ಕು ವರ್ಷ ಆಲೆಮನೆ ಲೆಕ್ಕ ಬರೆದೆ.
ಪುಸ್ತಕ ಎರಡು.
ನೀಲಿಯಲ್ಲಿ ದಿನಕ್ಕೆ ಎರಡು ಕೊಪ್ಪರಿಗೆ,
ಕೆಂಪಿನಲ್ಲಿ ಐದು.
ನೀಲಿ ತೆರಿಗೆಯವರಿಗೆ,
ಪಾಲು ಕೇಳಲು ಬರುವ ಮೈದುನನಿಗೆ.
ಕೆಂಪು ನಮಗೆ.
"ನಮ್ಗೆ" ಅಂತಲೇ ಅನ್ನುತ್ತಿದ್ದ ಕೆಂಪರಾಜು,
ಅಂಟು ಬೆರಳು ನಾಲಿಗೆಗೆ ಒತ್ತಿ ನೋಟು ಎಣಿಸುತ್ತ.
ರಾತ್ರಿ ಹನ್ನೊಂದು, ಒಲೆಯಲ್ಲಿ ಕಬ್ಬಿನ ಸಿಪ್ಪೆ,
ಮೈದುನನ ಪೆಚ್ಚು ಮುಖ ನೆನೆದು
ಇಬ್ಬರೂ ನಗುತ್ತಿದ್ದೆವು.
ನಮ್ಮ ಸಂಸಾರದಲ್ಲಿ ಚೆನ್ನಾಗಿದ್ದದ್ದು
ಬಹುಶಃ ಆ ಹೊತ್ತೇ.

ಈಗ ಅಫಿಡವಿಟ್ಟಿನಲ್ಲಿ ಅವನ ತಿಂಗಳ ಆದಾಯ
ಹನ್ನೊಂದು ಸಾವಿರದ ಇನ್ನೂರು.
ಆಲೆಮನೆ ತಾಯಿಯ ಹೆಸರಿಗೆ.
ಹೈವೇ ಪಕ್ಕದ ಸೈಟು
ಡ್ರೈವರ್ ಸಿದ್ದಪ್ಪಾಜಿಯ ಹೆಸರಿಗೆ.
ಪಾಪ, ಸಾಕ್ಷಿಗೆ ಬಂದಿದ್ದ,
ಚಪ್ಪಲಿಗೆ ಗೊಬ್ಬರದ ಚೀಲದ ದಾರ.
ಲಾರಿ ಯಾರದೋ.
ಅದರ ಹಣೆಯ ಮೇಲೆ ಮಾತ್ರ
ನನ್ನ ಮಗಳ ಹೆಸರು, ಹಳದಿ ಬಣ್ಣದಲ್ಲಿ.

ಇನ್ನೊಂದು ಪುಸ್ತಕ ಎಲ್ಲಿ, ಜಡ್ಜಮ್ಮ ಕೇಳಿದರು.
"ಅಂಥದ್ದು ಇರ್ಲೇ ಇಲ್ಲ ಮೇಡಂ" ಅಂದ,
ನನ್ನ ಕಡೆ ನೋಡದೆ.
ಒಲೆಗೆ ಹೋಗಿರಬೇಕು.
ಕೊಪ್ಪರಿಗೆಯ ಕೆಳಗೆ ಉರಿದು
ಯಾರ ಮನೆಯ ಹೋಳಿಗೆಗೋ ಬೆಲ್ಲವಾಗಿರಬೇಕು.

ಸುಳ್ಳು ಲೆಕ್ಕ ಅಂದರೆ, ಬರೆದವಳು ನಾನು.
ನಿಜ ಅಂದರೆ, ನನಗೆ ಸಿಗುವುದು
ಹನ್ನೊಂದು ಸಾವಿರದಲ್ಲಿ ಮೂರನೇ ಒಂದು.
"ಹೂಂ, ನನ್ನ ಬರವಣಿಗೇನೇ" ಅಂದೆ.
ಟೈಪಿಸ್ಟು ಅಷ್ಟನ್ನೇ ಕುಟ್ಟಿಕೊಂಡ.

ಕೆಂಪು ಪುಸ್ತಕಕ್ಕೂ ಗೊತ್ತಿಲ್ಲದ್ದೊಂದಿದೆ.
ವಾರಕ್ಕೊಂದು ಮೂಟೆ
ಯಾವುದರಲ್ಲೂ ಬರೆಯಲಿಲ್ಲ ನಾನು.
ಹಿತ್ತಲ ಬಾಗಿಲಿಂದ ಸಾಬಣ್ಣನ ಆಟೋಗೆ,
ಆಟೋದಿಂದ ಚೀಟಿಗೆ,
ಚೀಟಿಯಿಂದ ಮದ್ದೂರಿನ ಅಕ್ಕನ ಬೀರುವಿಗೆ,
ಎರಡೆಳೆ ಸರವಾಗಿ, ಆಮೇಲೆ ನಾಲ್ಕೆಳೆಯಾಗಿ.
ಯಾಕೆಂದು ಆಗ ಕೇಳಿದ್ದರೆ
ನನಗೂ ಗೊತ್ತಿರಲಿಲ್ಲ.

ನನ್ನ ಅಫಿಡವಿಟ್ಟಿನಲ್ಲೂ ಒಂದು ಕಲಂ:
ಚಿನ್ನ, ನಗದು, ಇತರೆ.
ವಕೀಲರ ಪೆನ್ನು ಇಸ್ಕೊಂಡು ಬರೆದಿದ್ದೇನೆ,
ಇಲ್ಲ.
ಬಾಲ ಅಲ್ಲೂ ಉದ್ದ.