ವಾಪಸ್ ಬುಕ್ಕು

ಪಿ.ಬಿ. ರೋಡಿನ ಈ ಅಂಗಡಿಯಲ್ಲಿ ನನ್ನ ಹೆಸರು ಪಂಪಕ್ಕ.
ರೇಷನ್ ಕಾರ್ಡಿನಲ್ಲಿ ಬೇರೆ ಇದೆ, ಇರಲಿ.
ಕೈನಡುಕ ಬಂದು ಯಜಮಾನರು ಗಲ್ಲಾ ಬಿಟ್ಟ ವರ್ಷದಿಂದ
ಲಾರಿಗಳ ಎದೆಗೂಡಿನ ವ್ಯಾಪಾರ ನನ್ನದು.

ಮೇಜಿನ ಮೇಲೆ ಎರಡು ಡಬ್ಬ ಇಡುತ್ತೇನೆ.
ಒಂದು ಕಂಪನಿಯದು, ಮಿರಮಿರ ಹೊಲೊಗ್ರಾಂ,
ಇಪ್ಪತ್ತೆಂಟು ಸಾವಿರ.
ಇನ್ನೊಂದು ಬಿಳೀ ರಟ್ಟಿನದು, ಹೆಸರಿಲ್ಲ, ಊರಿಲ್ಲ,
ಹನ್ನೊಂದು. ಚೌಕಾಸಿ ಮಾಡಿದರೆ ಹತ್ತೂವರೆ.
ಒಳಗೆ ಎರಡಕ್ಕೂ ಅದೇ ಎಣ್ಣೆ ಕಾಗದ,
ಅಂಗೈಗೆ ಅದೇ ತೂಕ.

"ಗ್ಯಾರಂಟಿ ಐತೇನಕ್ಕಾ?"
ಹೊಸ್ತಿಲು ತೋರಿಸುತ್ತೇನೆ: ಅಲ್ಲೀತನಕ.
ನಗುತ್ತಾರೆ. ನಗುತ್ತಲೇ ಬಿಳೀ ಡಬ್ಬ ಎತ್ತಿಕೊಳ್ಳುತ್ತಾರೆ.
ಟೈರಿನ ಕಂತಿದೆ, ಎಫ್.ಸಿ. ಇದೆ, ಮಗಳ ಫೀಜಿದೆ.

ಗಲ್ಲಾಪೆಟ್ಟಿಗೆಯ ಕೆಳಗೆ ನನ್ನದೊಂದು ಬುಕ್ಕು.
ಮಾರಿದ ಪ್ರತಿ ಪಂಪಿಗೂ ಒಂದು ಸಾಲು:
ತಾರೀಖು, ಲಾರಿ ನಂಬರು, ಯಾವ ಡಬ್ಬ.
ಬಲಗಡೆಯ ಕೊನೇ ಕಲಂ ವಾಪಸ್ಸಿಗೆ.
ಇಪ್ಪತ್ತು ದಿನ. ಸೀಲು ಹೋಗಿದೆ.
ಎಂಟು ತಿಂಗಳು. ಪ್ಲಂಜರು ಸವೆದಿದೆ,
ಡೀಸೆಲ್ಲಿನಲ್ಲಿ ನೀರು ಅಂದೆ, ಒಪ್ಪಲಿಲ್ಲ.
ಒಂದೇ ದಿನ. ಬೈಗುಳ ಬರೆಯಲಾರೆ.

ಒಂದು ಅಮಾವಾಸ್ಯೆ, ಅಂಗಡಿ ಪೂಜೆ ಮುಗಿದ ಮೇಲೆ,
ಏಳು ವರ್ಷದ ಲೆಕ್ಕ ಕೂಡಿದೆ.
ಬಿಳೀ ಡಬ್ಬ ನೂರಕ್ಕೆ ಹದಿನೆಂಟು ವಾಪಸ್ಸು.
ಕಂಪನಿಯದು ಆರು.
ಇಷ್ಟೇ ತಾನೆ ಎಂದು ಪೆನ್ನು ಮುಚ್ಚುವಾಗ
ಕಣ್ಣು ಖಾಲಿ ಮನೆಗಳ ಮೇಲೆ ಬಿತ್ತು.
ಮರಳದವು ಎಲ್ಲಿ?
ಓಡುತ್ತಿವೆಯೋ, ಗುಜರಿಯಲ್ಲಿ ಮಲಗಿವೆಯೋ,
ನನಗೆ ಹಿಡಿಶಾಪ ಹಾಕಿ ಪಕ್ಕದಂಗಡಿ ಮೆಟ್ಟಿಲು ಹತ್ತಿದವೋ,
ಬಿಳಿ ಜಾಗ ಬಾಯಿ ಬಿಡುವುದಿಲ್ಲ.

ಚಮನ್ ಸಾಬರಿಗೆ ಹೇಳಿದೆ. ಕ್ಯಾಲಿಬ್ರೇಷನ್ ಬೆಂಚಿನ ಮುಂದೆ
ನಲವತ್ತು ವರ್ಷ ನಿಂತವರು, ಉಗುರು ಇನ್ನು ಬೆಳ್ಳಗಾಗುವುದಿಲ್ಲ.
"ಹಾಲು ಕುಡಿದ ಮಕ್ಕಳೇ ಬದುಕಲ್ಲ" ಅಂತ ಶುರು ಮಾಡಿ
ಗಾದೆಯನ್ನು ಅರ್ಧಕ್ಕೇ ಬಿಟ್ಟರು,
ಗಾಜಿನ ನಳಿಗೆಗಳ ಮೇಲೆ ಅವರ ಕಣ್ಣು.
ಆರರಲ್ಲೂ ಸಮ ಏರಬೇಕು ಎಣ್ಣೆ,
ಕೂದಲೆಳೆ ಹಿಂದೆ ಬಿದ್ದರೂ ಎಂಜಿನ್ನು ಕುಂಟುತ್ತದೆ.
"ಇವತ್ತು ಸಮ ಇದೆ ಅಕ್ಕ.
ನಾಳೇದು ಬೆಂಚಿಗೆ ಗೊತ್ತಾಗಲ್ಲ."

ಅದೇ ವಾರ, ರಾತ್ರಿ ಎರಡೂಕಾಲಿಗೆ ಹಾಲಸ್ವಾಮಿಯ ಫೋನು.
ಐಮಂಗಲದ ಹತ್ತಿರ ನಿಂತಿದ್ದಾನೆ, ಲೋಡು ಮಂಡಕ್ಕಿ.
ಊದಿದರೆ ಹಾರುವ ಸರಕು ಹೊತ್ತೂ
ಏದುಸಿರು ಬಿಟ್ಟು ಆರಿದೆ ಗಾಡಿ.
ಹೊಲೊಗ್ರಾಮಿನ ಪಂಪು. ಮೂರೇ ತಿಂಗಳು.
ಬೈಯಲಿಲ್ಲ ಅವನು. ದೂರದ ಗುಡ್ಡದ ಮೇಲೆ
ಗಾಳಿಯಂತ್ರಗಳ ಕೆಂಪು ದೀಪ ಕಾಣ್ತಾವೆ ಅಂದ,
ಒಟ್ಟಿಗೇ ಹತ್ತುತಾವೆ, ಒಟ್ಟಿಗೇ ಆರುತಾವೆ.
ನಾನು ಹಾಸಿಗೆಯ ಮೇಲೆ ಎದ್ದು ಕೂತು, ಕಣ್ಣು ಮುಚ್ಚಿ,
ಕಾಣದ ಬೋಲ್ಟು ಒಂದೊಂದೇ ಬಿಚ್ಚಿಸಿದೆ.
ಸ್ಕ್ರೂ ಸಡಿಲು ಮಾಡು. ಕೈಪಂಪು ಒತ್ತು.
ನೊರೆ ಬರ್ತದಾ? ಒತ್ತು. ಇನ್ನೂ ಗುಳ್ಳೆ? ಒತ್ತು.
ಆ ಕಡೆ ಉಸಿರು, ಪಚಕ್ ಪಚಕ್,
ಬದಿಗೆ ಹಾದ ಬಸ್ಸಿನ ಬೀಸು.
ನಾಲ್ಕಕ್ಕೆ ಸ್ಟಾರ್ಟಾಯಿತು. ಹಿರಿಯೂರಿನಲ್ಲಿ ಮತ್ತೆ ನಿಂತಿತು.
ಬೆಳಿಗ್ಗೆ ಬರೆದೆ: ತೊಂಬತ್ತೆರಡು ದಿನ.

ಲೋಕ್ಯಾನಾಯ್ಕನ ಸಾಲು ಮಾತ್ರ ಆರು ವರ್ಷದಿಂದ ಖಾಲಿ.
ಬಿಳೀ ಡಬ್ಬ, ಹತ್ತೂವರೆ, ಅದರಲ್ಲೂ ಐನೂರು ಬಾಕಿ.
ಮೊನ್ನೆ ಅವನ ಲಾರಿ ಎದುರಿಗೆ ನಿಂತಾಗ
ಕೈ ತಾನಾಗೇ ಬುಕ್ಕಿಗೆ ಹೋಯಿತು.
ಇಳಿದ. ಟವೆಲ್ಲು ಕೊಡವಿದ. ಒಳಗೆ ಬಂದ.
ತಡೆಯಲಾರದೆ ನಾನೇ ಕೇಳಿಬಿಟ್ಟೆ:
"ಪಂಪು ಹೆಂಗೈತಪ್ಪ?"
ಹುಬ್ಬು ಗಂಟಿಕ್ಕಿದ. ಕಪಾಟು ನೋಡಿದ, ಸೂರು ನೋಡಿದ.
"ಯಾವ ಪಂಪಕ್ಕಾ?"

ಬಾಕಿ ಐನೂರೂ ಅದರ ಜೊತೆಗೇ ಮರೆತಿತ್ತು.
ಅವನಿಗೆ ಬೇಕಾದದ್ದು ವೈಪರ್ ರಬ್ಬರು, ಎಡಗಡೆಯದೊಂದೇ.
ಎಂಬತ್ತು ರೂಪಾಯಿ ಎಣಿಸಿಟ್ಟು,
ರಬ್ಬರು ಬಾಗಿಸಿ, ಬಿಟ್ಟು, ಮತ್ತೆ ಬಾಗಿಸಿ ಕೇಳಿದ:
"ಗ್ಯಾರಂಟಿ ಐತಾ?"