ಮಾರಿನ ಲೆಕ್ಕ

ಮಾಲಿಂ ಜೆಟ್ಟಿಯ ಬೆನ್ನಿಗೆ ಅಂಟಿಕೊಂಡ ಅಂಗಡಿ.
ಇಲ್ಲಿ ಸರಪಳಿ ಕಿಲೋ ಲೆಕ್ಕ, ಹಗ್ಗ ಮಾರಿನ ಲೆಕ್ಕ.
ಎರಡೂ ತೋಳು ಚಾಚಿದರೂ ನಾನು ಐದಡಿ ದಾಟುವುದಿಲ್ಲ;
ಶೇಟ್ ನನ್ನನ್ನು ಇಟ್ಟುಕೊಂಡದ್ದೇ ಅದಕ್ಕೆ ಅಂತ
ಮಂಜುಗಡ್ಡೆ ಲಾರಿಯವರು ನಗುತ್ತಾರೆ.
ರಾಮದುರ್ಗದ ಗಿಡ್ಡ, ಗೋವೆಯ ಲಾಭ.

ಜುಲೈ ಇಪ್ಪತ್ತೆಂಟು. ಬಲೆ ಬಿಡಲು ಇನ್ನು ಮೂರೇ ದಿನ.
ಇನಾಸಿನ್ ಬಂದಳು, ಸೋರುವ ಛತ್ರಿ ಬಾಗಿಲಲ್ಲೇ ಬಿಟ್ಟು.
ಗಂಡ ರುಜಾರನ ಸೊಂಟ ಕೈಕೊಟ್ಟಿದೆ;
ಈ ಸಲ ‘ಸಾಯ್ಬಿಣ್’ ದೋಣಿಗೆ ಅವಳು ಮತ್ತು ಅಕ್ಕನ ಮಗ.
‘ಲಂಗರು ಮೈದುನ ಕೊಟ್ಟ,
ಕಟ್ಟುವುದಕ್ಕೆ ಏನು, ಹೇಳು.’

ಸರಪಳಿ ಎಳೆದು ತಕ್ಕಡಿಗೆ ಸುರಿದೆ.
ಬೆಕ್ಕು ಎದ್ದು ಓಡಿತು.
ಇದು ತಳದಲ್ಲಿ ಮಲಗಿರುತ್ತದೆ, ಅಂದೆ,
ಮೇದು ಬಂದ ಎಮ್ಮೆಯ ಹಾಗೆ.
ದೋಣಿ ಎಷ್ಟೇ ಜಗ್ಗಲಿ, ಮೊದಲು ಎಮ್ಮೆ ಏಳಬೇಕು,
ಆಮೇಲಷ್ಟೇ ಲಂಗರಿನ ಕಿವಿಗೆ ಸುದ್ದಿ.

ಅವಳು ಒಂದು ಹಿಡಿ ಎತ್ತಿದಳು, ಮಣಿಕಟ್ಟು ನಡುಗುವತನಕ ಹಿಡಿದಳು.
‘ಏಳು ಮಾರು ಆಳದಿಂದ
ಬೆಳಗಿನ ಜಾವ ಮೂರಕ್ಕೆ ಇದನ್ನು ಎಳೆಯೋಳು ನಾನು.
ಎಮ್ಮೆ ಬೇಡ.’

ನೈಲಾನ್ ಸುರುಳಿ ಇಳಿಸಿದೆ.
ಅಲೆ ಎಳೆದರೆ ಇದೂ ತುಸು ಉದ್ದವಾಗುತ್ತದೆ, ಎದುರಾಡುವುದಿಲ್ಲ.
(ನನ್ನ ಅಜ್ಜ ಪುಂಡಿನಾರು ಹೊಸೆಯುತ್ತಿದ್ದ.
ಹಸಿ ಹಗ್ಗ ಸುತ್ತಿಡಬೇಡ, ಒಳಗೊಳಗೇ ಕೊಳೆಯುತ್ತದೆ ಅನ್ನುತ್ತಿದ್ದ.
ಸಮುದ್ರ ಕಂಡವನಲ್ಲ. ಅವಳಿಗೆ ಇದೆಲ್ಲ ಹೇಳಲಿಲ್ಲ.)

‘ಹೋದ ವರ್ಷವೂ ಹಗ್ಗವೇ ಇತ್ತು.
ಅಗ್ವಾದ ಕೋಟೆಯ ಕೆಳಗೆ ಕಲ್ಲು.
ರಾತ್ರಿಯಿಡೀ ತಿಂದಿದೆ ಅದು, ಸದ್ದಿಲ್ಲದೆ.
ಗೊತ್ತಾದದ್ದು ಯಾವಾಗ?
ಎಡಕ್ಕಿದ್ದ ದೀಪ ಬಲಕ್ಕೆ ಬಂದಾಗ.’

ತಳದಲ್ಲಿ ಕಲ್ಲೋ ಮರಳೋ, ಹೇಗೆ ತಿಳಿಯುತ್ತದೆ?
‘ಸೀಸದ ಗುಂಡಿಗೆ ಸಾಬೂನು ಮೆತ್ತಿ ಬಿಡು.
ಮರಳಾದರೆ ಅಂಟಿ ಬರುತ್ತದೆ.
ಕೆಸರಾದರೆ ಮೂಗಿಗೇ ಗೊತ್ತು.
ಕಲ್ಲಾದರೆ
ಸಾಬೂನಿಗೆ ಗಾಯ, ಅಷ್ಟೇ.’

ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿ ನೋಟು ಎಣಿಸಿದಳು,
ಒದ್ದೆ ನೋಟು ಎರಡೆರಡು ಸಲ.
ಮೂರು ಮಾರು ಸರಪಳಿ, ಕಲ್ಲಿಗೆ.
ಮೂವತ್ತೆರಡು ಮಾರು ಹಗ್ಗ, ಕೈಗೆ.
ಎರಡರ ನಡುವೆ ಒಂದು ಕೊಂಡಿ,
ಕೊಂಡಿಯ ಮೊಳೆ ಕಳಚದ ಹಾಗೆ ಗೇಣುದ್ದ ತಂತಿ;
ತಂತಿಗೆ ದುಡ್ಡು ಕೊಡುವುದಿಲ್ಲ ಅಂದಳು.

ತೋಳು ಚಾಚಿದೆ: ಒಂದು.

‘ನಿಲ್ಲು.
ನೀನು ಮಾರು.
ಮಾರು ಹಾಕುವುದು ನಾನು.’

ಬಲಗೈ ಬೆರಳು ಬಾಗಿಲ ಚೌಕಟ್ಟಿಗೆ,
ಎಡಗೈ ಬೆರಳು ಕೊಂಡಿಗಳ ಡಬ್ಬಿಗೆ,
ನಡುವೆ ಅವಳ ಅಗಲವಾದ ಎದೆ, ಶಿಲುಬೆಯ ದಾರ,
ತೋಳಿನ ಮೇಲೆ ಹಳೆಯ ಸುಟ್ಟ ಗುರುತು.
ಎಕ್, ದೋನ್, ತೀನ್.
ಹನ್ನೊಂದಕ್ಕೆ ಶೇಟ್ ಲೆಕ್ಕದ ಪುಸ್ತಕದಿಂದ ತಲೆ ಎತ್ತಿದರು.
ಇಪ್ಪತ್ತಕ್ಕೆ ಕೆಮ್ಮಿದರು.
‘ಬಾಯೀ, ಇದು ಮಾರಲ್ಲ, ಮಾಂಡವಿ.’
ಅವಳು ಎಣಿಕೆ ತಪ್ಪಲಿಲ್ಲ.

ಕತ್ತರಿಸಿದ ತುದಿಗೆ ಲೈಟರ್ ಹಿಡಿದೆ,
ಕರಗಿದ ನೈಲಾನು ಕಪ್ಪು ಬಟಾಣಿಯಾಯಿತು.
ಹಗ್ಗ ಹೆಗಲಿಗೆ, ಸರಪಳಿ ಗೋಣಿಗೆ.
ಛತ್ರಿ ಮರೆತು ಹೋದಳು.

ಸಂಜೆ ಬಾಗಿಲೆಳೆಯುವ ಮುಂಚೆ
ಅದೇ ಚೌಕಟ್ಟಿಗೆ ಬೆರಳಿಟ್ಟು ತೋಳು ಚಾಚಿ ನೋಡಿದೆ.
ಡಬ್ಬಿ ಇನ್ನೂ ಒಂದಡಿ ದೂರ.
ಮೂವತ್ತಕ್ಕೆ ಐದು ಕಡಿಮೆ, ನನ್ನ ಕೈಯ ಹಗ್ಗ.
ಆರು ವರ್ಷದಿಂದ ಅಳೆದುಕೊಟ್ಟಿದ್ದೇನೆ.

ಹೋದ ವರ್ಷದ್ದು ಯಾವ ಅಂಗಡಿಯದು ಅಂತ
ನಾನು ಅವಳನ್ನು ಕೇಳಲಿಲ್ಲ.