ಎರಡು ಅಕ್ಷರ

ಮೊದಲು ಬಿದ್ದದ್ದು ಕತ್ತರಿ.
ಗಿರಾಕಿಯ ಕಿವಿಯ ಹಿಂದಿನಿಂದ ಜಾರಿ
ಮಡಿಲಿಗೆ ಹೊದಿಸಿದ ಬಿಳಿ ಬಟ್ಟೆಯ ಮೇಲೆ, ಸದ್ದಿಲ್ಲದೆ.
ಮಿನಕಾವ ಯಜಮಾನರು ಎತ್ತಿಕೊಂಡರು, ನಕ್ಕರು.
ಮತ್ತೆ ಬಿತ್ತು.

ಆಮೇಲಿನದೆಲ್ಲ ಕಡತದಲ್ಲಿದೆ.
ಹೆಬ್ಬೆರಳು, ಮುಂಗೈ, ಭುಜ,
ಒಂದು ಚಳಿಗಾಲಕ್ಕೆ ಕಾಲು, ಮುಂದಿನದಕ್ಕೆ ನಾಲಗೆ.
ಕ್ಷೌರದಂಗಡಿ ಮುಚ್ಚುವಾಗ ಅವರೇ ದೀಪ ಆರಿಸುತ್ತಿದ್ದ ಹಾಗೆ:
ಬೀದಿ ಕಡೆಯದು ಮೊದಲು,
ಕನ್ನಡಿಯದು ಕೊನೆಗೆ.

ನಾನು ಕೆಲಸಕ್ಕೆ ಸೇರಿದ್ದು ಕನ್ನಡಿಯ ದೀಪವೊಂದೇ ಉಳಿದಾಗ.
ವಾರಕ್ಕೆ ನಾಲ್ಕು ರಾತ್ರಿ.
ಸಕಾತ ಊರಿನಲ್ಲಿ ಹಿಮ ಮೇಲಿಂದ ಬೀಳುವುದಿಲ್ಲ,
ಸಮುದ್ರದ ಕಡೆಯಿಂದ ಅಡ್ಡಡ್ಡ ಬರುತ್ತದೆ.
ಮಗ್ಗುಲು ಬದಲಿಸುವುದು, ಗಂಟಲ ಕಫ ತೆಗೆಯುವುದು,
ಮೊಣಕಾಲ ಕೆಳಗಿನ ದಿಂಬು
ಒಂದು ಬೆರಳು ಮೇಲೆ. ಅಲ್ಲ.
ಅರ್ಧ ಬೆರಳು ಕೆಳಗೆ. ಅದೂ ಅಲ್ಲ.
ಹ್ಞಾಂ, ಅಲ್ಲೇ.
ಒಂದು ದಿಂಬಿಗೆ ಅರ್ಧ ಗಂಟೆ.
ನೋವಿನ ಮದ್ದು ಹೆಚ್ಚಿನ ಸಲ ಇಷ್ಟೇ, ಮಾರ್ಫಿನ್ ಆಮೇಲೆ,
ಎಂದು ಕಲಿಸಿದವಳು ನರ್ಸ್ ತೊಯೊಮಿ.

ಮಾತಿಗೆ ಒಂದು ಪಾರದರ್ಶಕ ಹಲಗೆ,
ಅದರ ತುಂಬ ಅಕ್ಷರಮಾಲೆ.
ಆ ಕಡೆ ಅವರ ಕಣ್ಣು, ಈ ಕಡೆ ನನ್ನದು.
ಸರಿಸುತ್ತ ಸರಿಸುತ್ತ, ಎರಡು ನೋಟದ ನಡುವೆ
ಯಾವ ಅಕ್ಷರ ಸಿಕ್ಕಿಬೀಳುತ್ತದೋ ಅದು ಅವರಾಡಿದ್ದು.
ಇಷ್ಟು ಹೊತ್ತು ನಾನು ಯಾರ ಕಣ್ಣನ್ನೂ ನೋಡಿದವಳಲ್ಲ,
ಕಟ್ಟಿಕೊಂಡವನದನ್ನೂ.

ಫೆಬ್ರವರಿಯಲ್ಲಿ ಡಾಕ್ಟರ್ ಶಿಮೊದ ಬಂದರು.
ಬೂಟಿನ ಹಿಮ ಹೊಸ್ತಿಲಲ್ಲೇ ಕೊಡವಿ
ಹಾಸಿಗೆಯ ಪಕ್ಕ ಮಂಡಿಯೂರಿ ಹೇಳಿದರು:
ಉಸಿರು ಸೋಲುವ ದಿನ ದೂರವಿಲ್ಲ.
ಕೊರಳಲ್ಲಿ ತೂತು ಕೊರೆದು ಯಂತ್ರ ಜೋಡಿಸಬಹುದು.
ಬೇಡವೆಂದರೆ, ಉಬ್ಬಸ ಕಾಡದಂತೆ ನೋಡಿಕೊಳ್ಳುವ ಹೊಣೆ ನಮ್ಮದು.
ಎರಡೂ ಸರಿಯೇ. ನಿಮಗೇನು ಬೇಕು?

ಹೆಂಡತಿ ಇನೆಕೊ ಏಪ್ರನ್ನಿನ ಅಂಚು ಹಿಂಡುತ್ತಿದ್ದರು.
ಅದು ಒದ್ದೆಯೇನೂ ಆಗಿರಲಿಲ್ಲ.

ಹಲಗೆ ಎತ್ತಿದೆ.
ಕ.
ಮಿ.
ಯಜಮಾನರು ಕಣ್ಣು ಬಿಗಿಯಾಗಿ ಮುಚ್ಚಿದರು, ಮಾತು ಮುಗಿಯಿತು.

ಕಮಿ ಎಂದರೆ ನಮ್ಮಲ್ಲಿ ಕಾಗದ.
ಡಾಕ್ಟರು ಚೀಲದಿಂದ ಒಪ್ಪಿಗೆ ಪತ್ರ ತೆಗೆದರು.
ಕಮಿ ಎಂದರೆ ದೇವರೂ ಹೌದು.
ಇನೆಕೊ ಗೋಡೆಯ ಗೂಡಿಗೆ ತಿರುಗಿ ಕೈ ಜೋಡಿಸಿಬಿಟ್ಟರು.
ಯಜಮಾನರ ಕಣ್ಣು
ಕಾಗದವನ್ನು ದಾಟಿತು, ದೇವರನ್ನೂ ದಾಟಿತು,
ಹೋಗಿ ನಿಂತದ್ದು ತೊಯೊಮಿಯ ಹಣೆಯ ಮೇಲೆ.

ಕಮಿ ಎಂದರೆ ಕೂದಲು.
ಎಡಗಡೆ ಉದ್ದ, ನೋಡಲಾಗುತ್ತಿಲ್ಲ,
ಎಂದು ಹೇಳಿ ಮುಗಿಸಲು ಆರು ನಿಮಿಷ.
ಬಚ್ಚಲ ಕನ್ನಡಿಯೆದುರು ನಾನೇ ಕತ್ತರಿಸಿಕೊಂಡೆ
ಎಂದು ಒಪ್ಪಿಕೊಂಡಳು ತೊಯೊಮಿ, ಕಳ್ಳಿಯ ಹಾಗೆ.

ನಲವತ್ತೊಂದು ವರ್ಷ ಆ ಅಂಗಡಿಯ ಕೂದಲು ಗುಡಿಸಿದ ಇನೆಕೊ
ಒಮ್ಮೆಯೂ ಒಂದೆಳೆ ಕತ್ತರಿಸಿರಲಿಲ್ಲ.
ಎಣ್ಣೆಬಟ್ಟೆ ಬಿಚ್ಚಿ ಕತ್ತರಿ ತೆಗೆದರು. ಕೈ ನಡುಗುತ್ತಿತ್ತು.
ಮೊದಲು ಒದ್ದೆ ಮಾಡು.
ಬಾಚಣಿಗೆ ಓರೆ.
ಸಾಕು. ಸಾಕಲ್ಲ, ಇನ್ನೊಂದು ಚೂರು.
ನಾನು ಓದಿ ಹೇಳುತ್ತಿದ್ದೆ, ತೋಳು ಸೋಲುತ್ತಿತ್ತು,
ಡಾಕ್ಟರು ಕನ್ನಡಿ ಹಿಡಿದಿದ್ದರು,
ಅವರ ಮೊಬೈಲು ಜೇಬಲ್ಲೇ ಎರಡು ಸಲ ಗುಯ್‌ಗುಟ್ಟಿ ಸುಮ್ಮನಾಯಿತು.

ಕೊನೆಗೆ ಯಜಮಾನರ ಕಣ್ಣು ಅಂಕಿಗಳ ಸಾಲಿಗಿಳಿಯಿತು:
ಸಾವಿರದ ಎಂಟುನೂರು ಯೆನ್.
ತೊಯೊಮಿ ಎಣಿಸಿ ಕೊಟ್ಟಳು.
ಇನೆಕೊ ಚಿಲ್ಲರೆ ವಾಪಸು ಕೊಟ್ಟರು.

ಆ ಪ್ರಶ್ನೆಯನ್ನು ಅಂದು ಯಾರೂ ಮತ್ತೆ ಕೇಳಲಿಲ್ಲ.

ಉತ್ತರ ಬಂದದ್ದು ಮಾರ್ಚಿಯ ಒಂದು ರಾತ್ರಿ, ಮೂರು ಗಂಟೆಗೆ,
ಯಾರೂ ಕೇಳದೆ, ದಿಂಬಿಗೂ ಮೂತ್ರಕ್ಕೂ ನಡುವೆ.
ಯಂತ್ರ ಬೇಡ.
ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಅಕ್ಷರ, ಅದೇ ಕ್ರಮ.
ಬೆಳಿಗ್ಗೆ ಎಲ್ಲರೆದುರು ಇನ್ನೊಮ್ಮೆ ಹೇಳಬೇಕಾಗುತ್ತದೆ, ಎಂದೆ.
ಕಣ್ಣು ಮಿಟುಕಿತು: ಹೌದು, ಗೊತ್ತು.
ಡೈರಿಯಲ್ಲಿ ಬರೆಯಲು ಹಲಗೆ ಕೆಳಗಿಟ್ಟೆ.
ಅವರ ನೋಟ ಕದಲಲಿಲ್ಲ. ಮತ್ತೆ ಎತ್ತಿದೆ.

ನಾಳೆ ನಿನ್ನ ಸರದಿ.

ಕತ್ತಿನ ಹಿಂದೆ ಕೈಯಾಡಿಸಿಕೊಂಡೆ.
ಅಷ್ಟು ಕೆಟ್ಟದಾಗಿದೆಯಾ?

ಮಿಟುಕಿತು.